ಎಷ್ಟು ದಿಂಬು ಇಟ್ಟುಕೊಳ್ಳುತ್ತೀರಿ?

ಹನ್ನೊಂದು ವರ್ಷ ಒಬ್ಬರ ಎದುರು ನಿಂತು ಕೆಲಸ ಮಾಡಿದವನು ಅವರ ಮೂಗು ಹೇಗಿತ್ತೆಂದು ಹೇಳಲು ತಡವರಿಸುತ್ತಾನೆಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ನನ್ನ ಪಾಡು ಅದೇ. ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ ಆದ ನಾನು ರೋಗಿಯ ಹೊಟ್ಟೆಯ ಬಳಿ, ಅರಿವಳಿಕೆ ಕೊಡುವ ಅವರು ತಲೆಯ ಬಳಿ. ನಡುವೆ ಒಂದು ಹಸಿರು ಪರದೆ. ಪರದೆಯ ಆಚೆ ಒಂದು ಟೊಪ್ಪಿ, ಒಂದು ಮುಖಗವಸು, ಎರಡರ ಮಧ್ಯೆ ಎರಡು ಕಣ್ಣು. ಹೋದ ತಿಂಗಳು ಸೊರಬದಿಂದ ಫೋನ್ ಬಂದು ಅವರು ತೀರಿಕೊಂಡರೆಂದು ತಿಳಿದಾಗ ನನ್ನ ಎದುರು ಬಂದು ನಿಂತದ್ದೂ ಆ ಎರಡು ಕಣ್ಣುಗಳೇ. ಎಂದಿನಂತೆ ಗಾಬರಿಯಿಂದ ನೋಡುತ್ತಿದ್ದವು.

ಅವರು ಹುಟ್ಟಾ ಗಾಬರಿಯ ಮನುಷ್ಯ. ಇದು ದೂರಲ್ಲ. ಸರ್ಜನ್ ಆದವನಿಗೆ ಧೈರ್ಯ ಇರಬೇಕು, ಅರಿವಳಿಕೆ ಕೊಡುವವನಿಗೆ ಭಯ ಇರಬೇಕು, ಇಬ್ಬರೂ ಧೈರ್ಯವಂತರಾದರೆ ರೋಗಿಯ ಗತಿ ದೇವರೇ ನೋಡಿಕೊಳ್ಳಬೇಕು ಎಂಬುದು ಅವರ ಸಿದ್ಧಾಂತ. ನನ್ನ ಧೈರ್ಯದ ಬಗ್ಗೆ ಅವರಿಗೆ ಬಹಳ ಗೌರವವಿತ್ತು. ಅದನ್ನು ಅವರು ಹಾವಿನ ಬಗ್ಗೆ ಇರುವಂಥ ಗೌರವ ಎಂದು ಬಿಡಿಸಿ ಹೇಳುತ್ತಿದ್ದರು.

ತೊಂಬತ್ತರ ದಶಕದಲ್ಲಿ ಶಿಕಾರಿಪುರದಲ್ಲಿ ನನ್ನದೊಂದು ಹದಿನೈದು ಹಾಸಿಗೆಯ ಆಸ್ಪತ್ರೆ ಇತ್ತು. ಅವರ ಮನೆ ಸೊರಬದಲ್ಲಿ. ಎರಡೂ ತಾಲ್ಲೂಕಿನ ಸರ್ಜನ್‌ಗಳಿಗೆ ಅವರೊಬ್ಬರೇ ದಿಕ್ಕು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ತೊಡೆಯ ಮೇಲೆ ಕಂದು ಬಣ್ಣದ ಒಂದು ಚರ್ಮದ ಚೀಲ. ಅದನ್ನು ಅವರು ತಲೆಯ ಮೇಲಿನ ಕ್ಯಾರಿಯರ್‌ನಲ್ಲಿ ಇಟ್ಟದ್ದನ್ನು ಯಾರೂ ನೋಡಿಲ್ಲ. ಕಂಡಕ್ಟರ್ ಅವರಿಗೆ ಸೀಟು ಬಿಡಿಸುವ ಕ್ರಮವೂ ಬೇರೆ ಇತ್ತು.

"ಏ ಎದ್ದೇಳ್ರಪ್ಪಾ, ಮತ್ತು ಕೊಡೋ ಡಾಕ್ಟ್ರು ಬಂದ್ರು. ಏಳ್ಲಿಲ್ಲಂದ್ರೆ ಇಲ್ಲೇ ಮಲಗಿಸಿಬಿಡ್ತಾರೆ, ಆಮೇಲೆ ನಿಮ್ಮೂರು ದಾಟಿ ಹೋಗಿರ್ತೈತಿ."

ಜನ ಅವರನ್ನು ಕರೆಯುತ್ತಿದ್ದದ್ದೇ ಹಾಗೆ, 'ಮತ್ತು ಕೊಡೋ ಡಾಕ್ಟ್ರು'. ಹೆಸರು ಬಹಳ ಜನಕ್ಕೆ ಗೊತ್ತಿರಲಿಲ್ಲ. ಗುಣವಾಗಿ ಮನೆಗೆ ಹೋಗುವವರು ನನಗೆ ಕಾಯಿ, ಬಾಳೆಹಣ್ಣು, ಒಮ್ಮೆ ಜಡೆ ಎಂಬ ಊರಿನ ಒಬ್ಬರು ಒಂದು ಜೀವಂತ ಕರುವನ್ನೂ ತಂದು ಕೊಟ್ಟಿದ್ದಾರೆ. ಅವರಿಗೆ ಒಂದು ನಿಂಬೆಹಣ್ಣು ಕೊಟ್ಟದ್ದೂ ನಾನು ಕಂಡಿಲ್ಲ. ಕೊಡಬೇಕಾದವರು ಅವರನ್ನು ಕಂಡ ಮರುಗಳಿಗೆಯೇ ಪ್ರಜ್ಞೆ ತಪ್ಪಿರುತ್ತಿದ್ದರು. ಒಮ್ಮೆ ಈ ಅನ್ಯಾಯದ ಬಗ್ಗೆ ನಾನು ಕರುವಿನ ಹಗ್ಗ ಹಿಡಿದುಕೊಂಡೇ ವಿಷಾದ ವ್ಯಕ್ತಪಡಿಸಿದೆ.

"ಬಿಡಿ ಮಾರಾಯ್ರೇ," ಎಂದರು. "ನನ್ನ ಕೆಲಸ ಸರಿಯಾದ್ರೆ ಯಾರಿಗೂ ಗೊತ್ತಾಗೂದಿಲ್ಲ. ಗೊತ್ತಾತು ಅಂದ್ರೆ ಸರಿಯಾಗ್ಲಿಲ್ಲ ಅಂತ ಲೆಕ್ಕ. ನನ್ನ ಹೆಸರು ಯಾರಿಗೂ ಗೊತ್ತಿಲ್ಲ ಅನ್ನೂದೇ ನಂಗೊಂದು ಸರ್ಟಿಫಿಕೇಟು."

ಅವರ ಭಯಗಳಲ್ಲೆಲ್ಲ ಹಿರಿಯ ಭಯ ದಪ್ಪಗಿರುವ ರೋಗಿಗಳದು. ಇದನ್ನು ಸ್ವಲ್ಪ ವಿವರಿಸಬೇಕು. ಪೂರ್ತಿ ಮತ್ತು ಕೊಟ್ಟಾಗ ರೋಗಿ ತಾನಾಗಿ ಉಸಿರಾಡುವುದಿಲ್ಲ. ಬಾಯಿಯಿಂದ ಶ್ವಾಸನಾಳದೊಳಕ್ಕೆ ಒಂದು ಕೊಳವೆ ಇಳಿಸಿ, ಅದರ ಮೂಲಕ ನಾವು ಉಸಿರು ಕೊಡಬೇಕು. ಕೊಳವೆ ಇಳಿಸಬೇಕಾದರೆ ನಾಲಿಗೆಯನ್ನು ಎತ್ತಿಹಿಡಿದು ಶ್ವಾಸನಾಳದ ಬಾಯಿಯನ್ನು ಕಣ್ಣಾರೆ ಕಾಣಬೇಕು. ಸಣಕಲರಲ್ಲಿ ಅದು ಸುಲಭ. ದಪ್ಪ ಕುತ್ತಿಗೆಯವರಲ್ಲಿ ಎಷ್ಟು ಎತ್ತಿದರೂ ನಾಲಿಗೆಯ ಹಿಂದೆ ಮತ್ತಷ್ಟು ನಾಲಿಗೆಯೇ ಕಾಣುತ್ತದೆ. ಸಾಲದ್ದಕ್ಕೆ ಅವರಲ್ಲಿ ಉಸಿರು ಹೆಚ್ಚು ಹೊತ್ತು ಕಾಯುವುದೂ ಇಲ್ಲ. "ಸಣ್ಣಗಿರೋರ ಎದೇಲಿ ಗಾಳಿ ಬಸ್ ಸ್ಟ್ಯಾಂಡಲ್ಲಿ ಕೂತ ಹಾಗೆ ಕೂತಿರ್ತದೆ. ದಪ್ಪದೋರಲ್ಲಿ ಇಂಜಿನ್ ಶುರು ಮಾಡ್ಕೊಂಡೇ ನಿಂತಿರ್ತದೆ," ಎನ್ನುತ್ತಿದ್ದರು.

ಆದ್ದರಿಂದ ಆ ಚರ್ಮದ ಚೀಲ. ಅದರಲ್ಲಿ ಐದು ಸಲಕರಣೆಗಳು, ಐದಕ್ಕೂ ಅವರಿಟ್ಟ ಅಡ್ಡಹೆಸರುಗಳು. ತುದಿಯಲ್ಲಿ ಬಲ್ಬು ಉರಿಯುವ, ನಾಲಿಗೆ ಎತ್ತುವ ಬಾಗಿದ ಅಲಗಿಗೆ ಹಿರಿಸೊಸೆ ಎಂದು ಹೆಸರು. ಮನೆಯ ಕೆಲಸವನ್ನೆಲ್ಲ ಅದೇ ಮಾಡುತ್ತದೆ, ಹೊಗಳುವವರಿಲ್ಲ. ನೆಟ್ಟಗಿನ ಅಲಗು ಮೇಷ್ಟ್ರು. ನೇರ ಮನುಷ್ಯ, ಆದರೆ ಹಲ್ಲು ಮುರಿಯುತ್ತಾನೆ. ಅವರ ಸಹಪಾಠಿಯೊಬ್ಬರು ಹೊರದೇಶದಿಂದ ತಂದುಕೊಟ್ಟ, ತುದಿ ಮಾತ್ರ ಮೇಲಕ್ಕೆ ಮಡಚಿಕೊಳ್ಳುವ ಹೊಸ ಅಲಗು ಅಳಿಯ. ಅದಕ್ಕೆ ಮಖಮಲ್ಲಿನ ಬಟ್ಟೆ, ಪ್ರತ್ಯೇಕ ಡಬ್ಬಿ, ಮನಸ್ಸು ಬಂದಾಗ ಮಾತ್ರ ಕೆಲಸ. ಕುರುಡಾಗಿ ತಡಕಿ ದಾರಿ ಹುಡುಕುವ, ಬಳುಕುವ ಉದ್ದನೆಯ ಕಡ್ಡಿ ದಲ್ಲಾಳಿ. ಗಂಟಲೊಳಗೆ ಕೂತು ಶ್ವಾಸನಾಳದ ಹೊರಗಿನಿಂದಲೇ ಗಾಳಿ ಊದುವ ರಬ್ಬರ್ ಮುಖವಾಡ ಬೀಗರು: "ಹೊಸ್ತಿಲ ತನಕ ಬರ್ತಾರೆ, ಒಳಗೆ ಬರೂದಿಲ್ಲ. ಆದ್ರೂ ಹೊತ್ತಿಗೆ ಆಗ್ತಾರೆ."

ಇವುಗಳಲ್ಲಿ ಯಾವುದು ಮೇಲು ಎಂಬುದು ಅವರ ಜೀವನದ ಪ್ರಶ್ನೆಯಾಗಿತ್ತು. ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಪ್ರತಿಯೊಬ್ಬ ದಪ್ಪ ರೋಗಿಗೂ ಒಂದು ಸಾಲು: ಯಾವ ಸಲಕರಣೆ, ಎಷ್ಟನೆಯ ಪ್ರಯತ್ನಕ್ಕೆ ಕಂಡಿತು, ಎಷ್ಟು ಉಸಿರಿನಲ್ಲಿ ಮುಗಿಯಿತು. ಈ ಉಸಿರಿನ ಲೆಕ್ಕ ರೋಗಿಯದಲ್ಲ, ಅವರದು. ಅಲಗನ್ನು ಬಾಯೊಳಗೆ ಇಟ್ಟ ಕ್ಷಣ ಅವರು ತಮ್ಮ ಉಸಿರು ಹಿಡಿಯುತ್ತಿದ್ದರು. ತಮಗೆ ತಡೆಯಲಾಗದಾದಾಗ ರೋಗಿಗೂ ತಡೆಯಲಾಗುತ್ತಿಲ್ಲ ಎಂದು ತಿಳಿದು ಅಲಗು ತೆಗೆದು ಗಾಳಿ ಕೊಡುತ್ತಿದ್ದರು. ಮುಖಗವಸಿನ ಬಟ್ಟೆ ಒಳಕ್ಕೂ ಹೊರಕ್ಕೂ ಆಡುವುದು ನಿಂತಿತೆಂದರೆ ಕೆಲಸ ಶುರುವಾಯಿತು ಎಂದು ಅರ್ಥ. ಅದನ್ನು ನೋಡುತ್ತ ನಾನೂ, ಸಿಸ್ಟರೂ ತಿಳಿಯದೆಯೇ ಉಸಿರು ಹಿಡಿಯುತ್ತಿದ್ದೆವು. ಆ ಕೋಣೆಯಲ್ಲಿ ಆ ಹೊತ್ತು ಉಸಿರಾಡುತ್ತಿದ್ದುದು ಫ್ಯಾನ್ ಒಂದೇ.

ಚೀಲದ ಜೊತೆಗೆ ಇನ್ನೊಂದು ಗಂಟು ಬರುತ್ತಿತ್ತು. ಅದರಲ್ಲಿ ಎರಡು ಕರಿ ಕಂಬಳಿಗಳು. ಶಿಕಾರಿಪುರದ ಸಂತೆಯಲ್ಲಿ ಕುರಿ ಸಾಕುವವರಿಂದ ಕೊಂಡದ್ದು. ಮೈಗೆ ಸೋಕಿದರೆ ಚುಚ್ಚುವಂಥ, ನಿಲ್ಲಿಸಿದರೆ ನಿಲ್ಲುವಂಥ ಕಂಬಳಿಗಳು. ಅವರ ಮನೆಯವರು ಒಗೆದು, ಬಿಸಿಲಿಗೆ ಹಾಕಿ, ಹಳೆಯ ಪಂಚೆಯಲ್ಲಿ ಕಟ್ಟಿ ಕಳಿಸುತ್ತಿದ್ದರು. ದಪ್ಪ ರೋಗಿಯನ್ನು ಟೇಬಲ್ಲಿನ ಮೇಲೆ ಮಲಗಿಸುವ ಮೊದಲು ಅವುಗಳನ್ನು ಮಡಚಿ ಬೆನ್ನಿನಿಂದ ತಲೆಯವರೆಗೆ ಒಂದು ಏರು ಕಟ್ಟುತ್ತಿದ್ದರು. ಹಾಗೆ ಮಲಗಿಸಿದರೆ ರೋಗಿಯ ಎದೆಯ ಭಾರ ಕುತ್ತಿಗೆಯ ಮೇಲೆ ಬೀಳುವುದಿಲ್ಲ, ಗಂಟಲು ನೆಟ್ಟಗಾಗುತ್ತದೆ. ಏರು ಎಷ್ಟಿರಬೇಕು ಎಂಬುದನ್ನು ಅವರು ಯಾವ ಪುಸ್ತಕದಿಂದಲೂ ತಿಳಿಯುತ್ತಿರಲಿಲ್ಲ. ಹಿಂದಿನ ದಿನವೇ ರೋಗಿಯ ಮನೆಗೆ ಹೋಗಿ ಹೆಂಡತಿಯನ್ನೋ ಗಂಡನನ್ನೋ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಮಲಗುವಾಗ ಎಷ್ಟು ದಿಂಬು ಇಟ್ಕೊಳ್ತಾರೆ?"

ನನಗೆ ಆ ಕಂಬಳಿಗಳ ಬಗ್ಗೆ ಭಿನ್ನಾಭಿಪ್ರಾಯವಿತ್ತು. ಥಿಯೇಟರೆಂದರೆ ಥಿಯೇಟರ್, ಕುರಿಹಟ್ಟಿಯಲ್ಲ.

ಇನ್ನು ರೈಸ್ ಮಿಲ್ಲಿನ ಸಾಹುಕಾರರ ವಿಷಯ. ಅವರ ಪಿತ್ತಕೋಶದಲ್ಲಿ ಕಲ್ಲು. ಎರಡು ಸಲ ಜ್ವರ ಬಂದು ಮೈ ಹಳದಿಯಾಗಿತ್ತು. ಮೂರನೆಯ ಸಲಕ್ಕೆ ಕಾಯುವಂತಿರಲಿಲ್ಲ. ದೊಡ್ಡ ಊರಿಗೆ ಹೋಗಿ ಎಂದರೆ, "ನನ್ನ ಹೊಟ್ಟಿ ಕಂಡೋರು ನೀವು, ಇನ್ನೊಬ್ರಿಗೆ ತೋರ್ಸಾಕ ನಾಚ್ಕಿ ಆಗ್ತೈತಿ," ಎಂದು ಹಟ ಹಿಡಿದರು. ಈ ಮಾತಿನಿಂದ ನಾನು ಉಬ್ಬಿದೆ. ಸರ್ಜನ್‌ಗಳನ್ನು ಉಬ್ಬಿಸುವುದು ಕಷ್ಟದ ಕೆಲಸವಲ್ಲ.

ನಮ್ಮ ಆಸ್ಪತ್ರೆಯ ತೂಕದ ಯಂತ್ರ ನೂರಿಪ್ಪತ್ತಕ್ಕೆ ಶರಣಾಗುತ್ತಿತ್ತು. ತೂಕ ಗೊತ್ತಿಲ್ಲದೆ ಮತ್ತಿನ ಔಷಧಿ ಅಳೆಯುವಂತಿಲ್ಲ. ಹಾಗಾಗಿ ಹಿಂದಿನ ದಿನ ನಾವಿಬ್ಬರೂ ಮಿಲ್ಲಿಗೇ ಹೋದೆವು. ಚೀಲ ತೂಗುವ ತಕ್ಕಡಿಯ ಮೇಲೆ ಸಾಹುಕಾರರು ಗಂಭೀರವಾಗಿ ನಿಂತರು. ಹಮಾಲಿಗಳೆಲ್ಲ ಕೆಲಸ ಬಿಟ್ಟು ಸುತ್ತ ಸೇರಿದರು. ಒಂದು ಕ್ವಿಂಟಾಲ್ ಮೂವತ್ತೊಂದು ಕೆ.ಜಿ.

"ಸಾಹುಕಾರ್ರೇ, ಚೀಲದ ತೂಕ ಕಳೀಲೇನ್ರಿ?" ಎಂದು ಹಿರಿಯ ಹಮಾಲಿ ಕೇಳಿದ.

"ಪಂಚಿದು ಕಳೀಯಲೇ. ನಾಳಿ ಅದೂ ಇರಾಂಗಿಲ್ಲ," ಎಂದರು ಸಾಹುಕಾರರು.

ಮತ್ತು ಕೊಡೋ ಡಾಕ್ಟ್ರೊಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು. ಅವರು ಸಾಹುಕಾರರ ಕುತ್ತಿಗೆಯನ್ನೇ ನೋಡುತ್ತಿದ್ದರು. ಅಥವಾ ಅದು ಇರಬೇಕಾಗಿದ್ದ ಜಾಗವನ್ನು.

ಮಿಲ್ಲಿನ ಹಿಂದೆಯೇ ಮನೆ. ಅಲ್ಲಿ ಅವರು ಸಾಹುಕಾರರ ಬಾಯಿ ತೆರೆಸಿ ಮೂರು ಬೆರಳು ನಿಲ್ಲಿಸಿ ನೋಡಿದರು, ಕತ್ತನ್ನು ಹಿಂದಕ್ಕೆ ಬಾಗಿಸಿ ನೋಡಿದರು, ಎದೆಯ ಮೇಲೆ ಇಳಿಬಿದ್ದಿದ್ದ ಬೆಳ್ಳಿಯ ಲಿಂಗದ ಕರಡಿಗೆಯನ್ನೂ ಬಹಳ ಹೊತ್ತು ನೋಡಿದರು. ಅಲಗಿನ ಹಿಡಿಕೆ ದಪ್ಪಗಿರುವವರ ಎದೆಗೆ ತಾಗುತ್ತದೆ. ಕರಡಿಗೆ ಇದ್ದದ್ದು ಸರಿಯಾಗಿ ಆ ಜಾಗದಲ್ಲೇ. ತೆಗೆಯಿರಿ ಎಂದು ಹೇಳುವ ಧೈರ್ಯ ನನಗೂ ಇರಲಿಲ್ಲ. ಅವರು ಮೆಲ್ಲಗೆ, "ಅಮ್ಮ, ಮೈಯಿಂದ ಬೇರೆ ಮಾಡೂದು ಬೇಡ. ನಾಳೆ ಒಂದು ಹೊತ್ತು ಎಡಗೈ ರಟ್ಟೆಗೆ ಕಟ್ಟಬಹುದಾ?" ಎಂದು ಸಾಹುಕಾರರ ಹೆಂಡತಿಯನ್ನು ಕೇಳಿದರು.

ಆಕೆ ಯೋಚಿಸಿ, "ಮೈಮ್ಯಾಲಿದ್ರ ಆತು ಬಿಡ್ರಿ. ನಾನಾ ಕಟ್ಟಿ ಕಳಿಸ್ತೀನಿ," ಎಂದರು.

"ಇನ್ನೊಂದು ವಿಷಯ. ಮಲಗುವಾಗ ಎಷ್ಟು ದಿಂಬು ಇಟ್ಕೊಳ್ತಾರೆ?"

"ಮೂರು ರೀ."

"ಮೂರೂ ತಲೆಗಾ?"

"ಒಂದು ತಲಿಗೆ, ಒಂದು ಬೆನ್ನಿಗೆ. ಮೂರನೇದು ನನ್ನ ಕಿವಿಮ್ಯಾಲೆ ಇಟ್ಕೊಳ್ಳಾಕ. ಇವ್ರ ಗೊರಕಿ ಕೇಳಿದ್ರ ಮಿಲ್ ಶುರುವಾತು ಅಂತ ಹಮಾಲ್ರು ಬಂದುಬಿಡ್ತಾರ."

ಅವರು ನಗಲಿಲ್ಲ. ನೋಟ್‌ಬುಕ್ಕಿನಲ್ಲಿ ಎರಡು ಎಂದು ಬರೆದುಕೊಂಡರು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು, "ಡಾಕ್ಟ್ರೇ, ನಾಳೆ ಅವಸರ ಮಾಡ್ಬೇಡಿ. ಇವರನ್ನ ಮಲಗಿಸೂದು ಸುಲಭ. ಮಲಗಿಸಿದ ಮೇಲೆ ಹಿಂದೆ ಬರೂಕೆ ದಾರಿ ಇಲ್ಲ," ಎಂದರು. ಅವರ ಅಂಗೈ ಒದ್ದೆಯಾಗಿತ್ತು.

ಮಾರನೆಯ ಬೆಳಿಗ್ಗೆ ಅವರು ಮೊದಲ ಬಸ್ಸಿಗೇ ಬಂದು ಟೇಬಲ್ಲಿನ ಮೇಲೆ ಏರು ಕಟ್ಟಿದರು. ಎರಡು ಕಂಬಳಿ, ಅದರ ಮೇಲೆ ಸಾಹುಕಾರರ ಮನೆಯಿಂದಲೇ ತರಿಸಿದ, ಗುಲಾಬಿ ಹೂವಿನ ಕಸೂತಿ ಹಾಕಿದ ದಿಂಬು. ಎರಡು ಸಲ ಅಂಗೈ ಊರಿ ಒತ್ತಿ ನೋಡಿ, ಸಾಹುಕಾರರಿಗೆ ಧೈರ್ಯ ಹೇಳಲು ವಾರ್ಡಿಗೆ ಹೋದರು. ಆಗ ನಾನು ಒಳಗೆ ಬಂದೆ.

ಆ ತಿಂಗಳು ನಾನು ಶಿವಮೊಗ್ಗದಲ್ಲಿ ಥಿಯೇಟರಿನ ಶುಚಿತ್ವದ ಮೇಲೆ ಒಂದು ಉಪನ್ಯಾಸ ಕೇಳಿ ಬಂದಿದ್ದೆ. ಹೊಸದಾಗಿ ದೀಕ್ಷೆ ತೆಗೆದುಕೊಂಡವರ ನಿಷ್ಠೆ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಉಪನ್ಯಾಸದ ಫಲವಾಗಿ ಆರು ಹೊಸ ಫೋಮ್ ದಿಂಬುಗಳನ್ನೂ ತರಿಸಿದ್ದೆ. ನನ್ನ ಟೇಬಲ್ಲಿನ ಮೇಲೆ ಕುರಿಯ ವಾಸನೆಯ ಕಂಬಳಿ, ಅದರ ಮೇಲೆ ಗುಲಾಬಿ ಹೂವು. ಸಿಸ್ಟರ್ ಬೇಡವೆಂದರು. ನಾನು ಕೇಳಲಿಲ್ಲ. ಎಲ್ಲವನ್ನೂ ತೆಗೆದು ನನ್ನ ಕೋಣೆಯ ಕುರ್ಚಿಯ ಮೇಲೆ ಹಾಕಿದೆ. ಅದೇ ಅಳತೆಗೆ ಫೋಮ್ ದಿಂಬುಗಳನ್ನು ಜೋಡಿಸಿದೆ, ಮೇಲೆ ಹಸಿರು ಬಟ್ಟೆ ಹೊದಿಸಿದೆ, ಒಂದೆರಡು ಹೆಜ್ಜೆ ಹಿಂದೆ ನಿಂತು ಸಂತೋಷಪಟ್ಟೆ. ಕಣ್ಣಿಗೆ ಅಷ್ಟೇ ಎತ್ತರವಿತ್ತು.

ಅವರು ಬಂದರು. ಹಸಿರು ಬಟ್ಟೆಯನ್ನು ನೋಡಿ, "ಎತ್ತರ ಹಾಗೇ ಉಂಟಲ್ಲ?" ಎಂದು ಕೇಳಿದರು. ಆಮ್ಲಜನಕದ ಸಿಲಿಂಡರಿನ ಕೀಲಿ ತಿರುಗಿಸುತ್ತಿದ್ದುದರಿಂದ ಬೆನ್ನು ನಮ್ಮ ಕಡೆಗಿತ್ತು. ಪ್ರಶ್ನೆ ಸಿಸ್ಟರಿಗೆ. ಉತ್ತರಿಸಿದವನು ನಾನು.

"ಎಲ್ಲಾ ಹಾಗೇ ಇದೆ. ಶುರು ಮಾಡಿ."

ಸಾಹುಕಾರರನ್ನು ನಾಲ್ವರು ಸೇರಿ ಮಲಗಿಸಿದರು. ಕರಡಿಗೆ ಎಡ ರಟ್ಟೆಯಲ್ಲಿತ್ತು. ಮೂಗಿನ ಮೇಲೆ ಮಾಸ್ಕ್ ಇಟ್ಟು ಬಹಳ ಹೊತ್ತು ಆಮ್ಲಜನಕ ಕೊಟ್ಟ ಮೇಲೆ ಅವರು, "ಸಾಹುಕಾರ್ರೇ, ನಿಧಾನಕ್ಕೆ ಎಣಿಸ್ತಾ ಹೋಗಿ," ಎಂದರು. ಸಾಹುಕಾರರು ಭತ್ತ ಅಳೆಯುವವರ ಪದ್ಧತಿಯಂತೆ ಒಂದರ ಬದಲು ಲಾಭದಿಂದ ಶುರು ಮಾಡಿದರು. "ಲಾಭ... ಎರಡು... ಮೂರು... ನಾಕು..." ಐದು ಬರಲಿಲ್ಲ.

ಔಷಧಿ ಏರಿ ಮೈ ಸಡಿಲವಾಯಿತು. ಸಡಿಲವಾದ ಕ್ವಿಂಟಾಲ್ ಮೂವತ್ತೊಂದು ಕೆ.ಜಿ. ಫೋಮಿನ ಮೇಲೆ ಕೂತಿತು. ಹಸಿರು ಬಟ್ಟೆಯಡಿಯಲ್ಲಿ ನನ್ನ ಏರು ಸದ್ದಿಲ್ಲದೆ ಇಳಿದದ್ದು ನನಗೆ ಕಂಡಿತು. ಅವರಿಗೆ ಕಾಣಲಿಲ್ಲ. ಅವರ ಕಣ್ಣು ಬಾಯೊಳಗಿತ್ತು, ಮುಖಗವಸು ಅಲುಗುವುದು ನಿಂತಿತ್ತು.

ಹಿರಿಸೊಸೆ ಹೋಯಿತು. ನಾಲಿಗೆ. ಅದರ ಹಿಂದೆ ನಾಲಿಗೆ. ಮುಖಗವಸು ಅಲುಗಿತು, ಅಲಗು ಹೊರಗೆ ಬಂತು. ಮಾಸ್ಕಿನಿಂದ ಗಾಳಿ ಕೊಡಲು ನೋಡಿದರೆ ಅರ್ಧ ಗಾಳಿ ಕೆನ್ನೆಯ ಪಕ್ಕದಿಂದಲೇ ಸೋರಿತು. ಬೆರಳಿಗೆ ಸಿಕ್ಕಿಸಿದ್ದ ಹೊಸ ಯಂತ್ರವೊಂದು ನಾಡಿಯ ಜೊತೆ ಕೂಗುತ್ತಿತ್ತು. ರಕ್ತದಲ್ಲಿ ಆಮ್ಲಜನಕ ಇಳಿದಂತೆ ಅದರ ಸ್ವರವೂ ಇಳಿಯುತ್ತದೆ. ಅದು ಒಂದು ಮೆಟ್ಟಿಲು ಕೆಳಗಿಳಿಯಿತು.

ಅಳಿಯನನ್ನು ಡಬ್ಬಿಯಿಂದ ತೆಗೆದರು. ತುದಿ ಮಡಚಿತು, ಮಾಂಸದ ಒಂದು ಮಡಿಕೆ ಎದ್ದಿತು, ಮತ್ತೇನೂ ಇಲ್ಲ. ದಲ್ಲಾಳಿಯನ್ನು ಕುರುಡಾಗಿ ಬಿಟ್ಟರು, ಅನ್ನನಾಳಕ್ಕೆ ಹೋದ. ಮೇಷ್ಟ್ರನ್ನು ಮುಟ್ಟಲೇ ಇಲ್ಲ. ಬೀಗರು ಹೊಸ್ತಿಲಲ್ಲಿ ಕೂತರು, ಸ್ವಲ್ಪ ಗಾಳಿ ಹೋಯಿತು, ಸ್ವಲ್ಪ ಬುರ್ರೆಂದು ಹೊರಗೆ ಬಂತು. ಯಂತ್ರದ ಸ್ವರ ಇಳಿಯುವುದು ನಿಧಾನವಾಯಿತು, ನಿಲ್ಲಲಿಲ್ಲ. ಸಾಹುಕಾರರ ತುಟಿ ನೇರಳೆ ಹಣ್ಣು ತಿಂದವರ ತುಟಿಯಂತಾಗಿತ್ತು.

ಅವರ ಸ್ವಭಾವದ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಭಯ ಹೆಚ್ಚಿದಷ್ಟೂ ಅವರ ವಿನಯ ಹೆಚ್ಚುತ್ತಿತ್ತು. ಸಾಧಾರಣ ದಿನ 'ಮಾರಾಯ್ರೇ', ಸ್ವಲ್ಪ ತೊಂದರೆ ಇದ್ದರೆ 'ಡಾಕ್ಟ್ರೇ', ಜೀವಕ್ಕೇ ಬಂದಾಗ ಅರಮನೆಯ ಭಾಷೆ. ಅವರು ಕೂಗಿದ್ದನ್ನು ನಾನು ಕೇಳಿಲ್ಲ. ಆ ಹೊತ್ತು ಅವರು ತಲೆಯೆತ್ತದೆ ಹೇಳಿದರು:

"ಡಾಕ್ಟರೇ, ತಾವು ದಯಮಾಡಿ ಇವರ ಭುಜವನ್ನು ಸ್ವಲ್ಪ ಎತ್ತುವ ಕೃಪೆ ಮಾಡಬೇಕು."

ನಾನು ಎರಡೂ ಕೈ ಹಾಕಿದೆ. ಎತ್ತಿದೆ. ಅವರ ಕೈ ಭುಜದ ಕೆಳಗೆ ಹೋಯಿತು, ಫೋಮನ್ನು ಹಿಸುಕಿತು, ನಿಂತಿತು. ಆಗ ಅವರು ನನ್ನನ್ನು ನೋಡಿದರು. ಒಂದೇ ಸಲ.

"ಕಂಬಳಿಗಳು ಎಲ್ಲಿವೆ?"

"ನನ್ನ ಕೋಣೇಲಿ. ಕುರ್ಚಿ ಮೇಲೆ."

ಸಿಸ್ಟರ್ ಓಡಿದರು. ಹೋಗಿ ಬರಲು ಎಷ್ಟು ಹೊತ್ತಾಯಿತೆಂದು ನನಗೆ ತಿಳಿಯದು. ಯಂತ್ರ ತಳದ ಸ್ವರದಲ್ಲಿ, ಬಾವಿಯೊಳಗಿನಿಂದ ಕರೆದಂತೆ ಕೂಗುತ್ತಿತ್ತು. ನಾನೂ ಸ್ಟ್ರೆಚರ್ ತಳ್ಳುವ ಇಬ್ಬರೂ ಸಾಹುಕಾರರ ಬೆನ್ನನ್ನು ಹೆಗಲಿಗೆ ಕೊಟ್ಟುಕೊಂಡು ಎತ್ತಿ ಹಿಡಿದಿದ್ದೆವು. ತಲೆಯ ಬಳಿ ಅವರು ಎರಡೂ ಕೈಯಿಂದ ದವಡೆ ಹಿಡಿದು, ಮೊಣಕೈಯಿಂದ ಗಾಳಿಯ ಚೀಲವನ್ನು ಪಕ್ಕೆಗೆ ಅದುಮಿ ಅದುಮಿ ಗಾಳಿ ಕೊಡುತ್ತಿದ್ದರು. ಕಂಬಳಿ ಬಂತು. ಫೋಮನ್ನು ನೆಲಕ್ಕೆ ಎಳೆದು ಹಾಕಿದೆವು. ಒಂದು ಕಂಬಳಿ ಬೆನ್ನಿಗೆ, ಒಂದು ಭುಜಕ್ಕೆ, ಮೇಲೆ ಗುಲಾಬಿ ಹೂವು. ಸಾಹುಕಾರರನ್ನು ಇಳಿಸಿದೆವು. ಏರು ಕುಗ್ಗಲಿಲ್ಲ.

ಮುಖಗವಸು ನಿಂತಿತು. ಮತ್ತೆ ಹಿರಿಸೊಸೆಯೇ, ಮೊದಲು ಸೋತಿದ್ದ ಅದೇ ಬಾಗಿದ ಅಲಗು.

"ಕಂಡಿತು," ಎಂದರು.

ಕೊಳವೆ ಇಳಿಯಿತು. ಎದೆ ಎದ್ದಿತು. ಯಂತ್ರದ ಸ್ವರ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂತು. ತುಟಿಯ ಬಣ್ಣ ತಿಳಿಯಾಗುವವರೆಗೂ ಅವರು ಗಾಳಿಯ ಚೀಲ ಒತ್ತುತ್ತಲೇ ಇದ್ದರು. ಆಮೇಲೆ ಅವರು ಪಕ್ಕಕ್ಕೆ ತಿರುಗಿ, ಸಿಸ್ಟರಿಗೆ, "ಮಾರಾಯ್ರೇ, ಆ ಸ್ಟೂಲು ಇತ್ತ ತಳ್ಳಿ," ಎಂದರು. ಮಾರಾಯ್ರೇ ಎಂಬ ಶಬ್ದ ಅಷ್ಟು ಇಂಪಾಗಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಪಿತ್ತಕೋಶವನ್ನು ನಾನು ತೆಗೆದೆ. ಅದು ಮಾತ್ರ ನನ್ನ ಹೆಚ್ಚುಗಾರಿಕೆ. ಮಧ್ಯಾಹ್ನ ಸಾಹುಕಾರರಿಗೆ ಎಚ್ಚರವಾಗಿ, ಮೊದಲು ರಟ್ಟೆ ಮುಟ್ಟಿ ನೋಡಿಕೊಂಡರು. ಆಮೇಲೆ, "ಎಷ್ಟಕ್ಕ ನಿಂತೆ?" ಎಂದರು.

"ನಾಲ್ಕಕ್ಕೆ," ಎಂದರು ಮತ್ತು ಕೊಡುವವರು. "ಮುಂದಿಂದು ನಾವು ಎಣಿಸಿದ್ವು."

ಹತ್ತು ದಿನ ಕಳೆದು ಮನೆಗೆ ಹೋಗುವಾಗ ಸಾಹುಕಾರರು ನನಗೆ ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ. ಅದು ಎಷ್ಟು ಚುಚ್ಚಿತೆಂದರೆ ಕಂಬಳಿಯೂ ಅಷ್ಟು ಚುಚ್ಚಲಾರದು.

ಅವರು ಬೈಯಲಿ ಎಂದು ಕಾದೆ. ಬೈಯಲಿಲ್ಲ. ತಿಂಗಳುಗಟ್ಟಲೆ ಬಂದರು, ಮತ್ತು ಕೊಟ್ಟರು, ಹೋದರು. ಮೊದಲಿನಂತೆಯೇ 'ಮಾರಾಯ್ರೇ' ಎಂದರು. ಬೈಯದೆ ಇರುವವರ ಎದುರು ಕೆಲಸ ಮಾಡುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು.

ಮುಂದಿನ ವರ್ಷ ಜಿಲ್ಲೆಯ ವೈದ್ಯರ ಒಂದು ಸಭೆಯಲ್ಲಿ ಅವರು ತಮ್ಮ ನೋಟ್‌ಬುಕ್ಕಿನ ಆಧಾರದ ಮೇಲೆ ಪ್ರಬಂಧ ಓದಿದರು. ದಪ್ಪ ರೋಗಿಗಳಲ್ಲಿ ಯಾವ ಸಲಕರಣೆ ಮೇಲು ಎಂಬುದು ವಿಷಯ. ಐದನ್ನೂ ಸಾಲಾಗಿ ಹೋಲಿಸಿ, ಕೊನೆಗೆ ಆರನೆಯ ಸಲಕರಣೆ ಎಂದು ಕಂಬಳಿಯನ್ನು ಸೇರಿಸಿದ್ದರು. ಅದು ಸರಿ ಇದ್ದರೆ ಐದೂ ಸರಿ, ಅದಿಲ್ಲದಿದ್ದರೆ ಐದೂ ಒಂದೇ ಎಂಬುದು ತೀರ್ಮಾನ. ಸಭೆ ನಕ್ಕಿತು. ಮುಂದಿನ ಸಾಲಿನ ಒಬ್ಬ ಹಿರಿಯರು ಎದ್ದು, ಒಬ್ಬ ರೋಗಿಯಲ್ಲಿ ಏರು ಕಟ್ಟಿಯೂ ನಾಲ್ಕು ಸಲಕರಣೆ ಸೋತವೆಂದು ತೋರಿಸಿದ್ದೀರಲ್ಲ, ಯಾಕೆ ಎಂದು ಕೇಳಿದರು.

ನಾನು ಹಿಂದಿನ ಸಾಲಿನಲ್ಲಿ ಬಿಸ್ಕತ್ತು ತಿನ್ನುತ್ತ ಕೂತಿದ್ದೆ. ಬಿಸ್ಕತ್ತು ಬಾಯಲ್ಲೇ ನಿಂತಿತು.

"ಆವತ್ತು ಏರು ಕುಗ್ಗಿತ್ತು," ಎಂದರು ಅವರು. "ತಪ್ಪು ನನ್ನದು. ಮಲಗಿಸುವ ಮೊದಲು ನಾನೇ ಕೈ ಊರಿ ನೋಡಬೇಕಿತ್ತು. ನೋಡಲಿಲ್ಲ."

ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ನನ್ನ ಪ್ರಸಿದ್ಧ ಧೈರ್ಯ ಆ ಹೊತ್ತು ಎಲ್ಲಿಗೆ ಹೋಗಿತ್ತೋ ತಿಳಿಯದು. ನನ್ನ ಬೂಟುಗಳನ್ನು ಪರೀಕ್ಷಿಸುತ್ತ ಕೂತೆ.

ಬಸ್ಸಿನಲ್ಲಿ ವಾಪಸು ಬರುವಾಗ ಕೇಳಿದೆ, "ಯಾಕೆ ಹಾಗೆ ಹೇಳಿದ್ರಿ?"

"ಸುಳ್ಳೇನು ಹೇಳ್ಲಿಲ್ಲವಲ್ಲ," ಎಂದರು, ಚೀಲ ತೊಡೆಯ ಮೇಲೆ ಸರಿಮಾಡಿಕೊಳ್ಳುತ್ತ. "ಎತ್ತಿಟ್ಟದ್ದು ನಿಮ್ಮ ತಪ್ಪು. ನೋಡದೆ ಇದ್ದದ್ದು ನಂದು. ಅವರು ನನ್ನ ಕೇಳಿದ್ರು, ನಾನು ನಂದು ಹೇಳಿದೆ. ನಿಮ್ಮ ಕೇಳಿದ್ರೆ ನೀವು ಹೇಳ್ತಿದ್ರಿ."

ನಾನು ಕಿಟಕಿಯ ಹೊರಗೆ ನೋಡಿದೆ.

"ಒಂದು ಕೆಲಸ ಮಾಡಿ ಮಾರಾಯ್ರೇ. ಇನ್ನು ಮೇಲೆ ಕಂಬಳಿ ನೀವೇ ಮಡಚಿ. ನಾನು ಕೈ ಊರಿ ನೋಡ್ತೇನೆ."

ಹೀಗೆ ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿ ಪಡೆದ ನಾನು ಮುಂದಿನ ಆರು ವರ್ಷ ಕಂಬಳಿ ಮಡಚಿದೆ. ಉದ್ದಕ್ಕೆ ಎರಡು ಮಡಿಕೆ, ಅಡ್ಡಕ್ಕೆ ಮೂರು, ಅಂಚು ತಲೆಯ ಕಡೆಗೆ. ಅವರು ಬಂದು ಅಂಗೈ ಊರಿ ಒತ್ತುತ್ತಿದ್ದರು. ಒಮ್ಮೆಯೂ 'ಸರಿ ಇದೆ' ಎಂದು ಹೇಳಲಿಲ್ಲ. ಸರಿ ಇಲ್ಲದಿದ್ದರೆ ಬಿಚ್ಚಿ ನನ್ನ ಕೈಗೆ ಕೊಡುತ್ತಿದ್ದರು.

ನಾನು ಆಸ್ಪತ್ರೆಯನ್ನು ಬೇರೆಯವರಿಗೆ ವಹಿಸಿದ ಮೇಲೆ ಭೇಟಿ ಅಪರೂಪವಾಯಿತು. ಅವರೂ ಕೆಲಸ ನಿಲ್ಲಿಸಿದ್ದರು. ಈ ವರ್ಷದ ಬೇಸಿಗೆಯಲ್ಲಿ ಸೊರಬಕ್ಕೆ ಒಂದು ಮದುವೆಗೆ ಹೋದವನು ಮಧ್ಯಾಹ್ನ ಊಟ ಮುಗಿಸಿ ಅವರ ಮನೆಗೆ ಹೋದೆ. ಮಂಚದ ಮೇಲೆ ಕೂತಿದ್ದರು. ಮುಖಗವಸಿಲ್ಲದ ಅವರ ಮುಖ ನನಗೆ ಪ್ರತಿ ಸಲವೂ ಹೊಸದು. ಸ್ವಲ್ಪ ಊದಿದಂತೆ ಕಂಡಿತು. ವಯಸ್ಸಿಗೆ ಮೈ ಬಂದಿದೆ ಅಂದುಕೊಂಡೆ. ಕುರ್ಚಿಯ ತುಂಬ ಹಳೆಯ ಪೇಪರು. ಮಂಚದ ಮೇಲೆಯೇ ಕೂರೋಣವೆಂದರೆ ಅವರ ಬೆನ್ನ ಹಿಂದೆ ಮೂರು ದಿಂಬು, ಅವುಗಳಡಿ ಮಡಚಿಟ್ಟ ಎರಡು ಕರಿ ಕಂಬಳಿ.

"ಇನ್ನೂ ಇಟ್ಟಿದ್ದೀರಲ್ಲ ಇವನ್ನ," ಎಂದು ನಕ್ಕು, ಎಲ್ಲವನ್ನೂ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು ಜಾಗ ಮಾಡಿಕೊಂಡು ಕೂತೆ.

ಒಂದು ಗಂಟೆ ಮಾತಾಡಿದೆವು. ಹೆಚ್ಚು ಮಾತಾಡಿದವನು ನಾನೇ. ಅವರು ನೆಟ್ಟಗೆ ಕೂತು, ಎರಡೂ ಅಂಗೈಯನ್ನು ಮಂಚದ ಅಂಚಿಗೆ ಊರಿಕೊಂಡು ಕೇಳುತ್ತಿದ್ದರು. ಹೊರಡುವಾಗ ಬಾಗಿಲ ತನಕ ಬರಲಿಲ್ಲ. ಕೂತಲ್ಲಿಂದಲೇ ಕೈ ಮುಗಿದು, "ತಾವು ಇಷ್ಟು ದೂರ ದಯಮಾಡಿಸಿದ್ದು ಬಹಳ ಸಂತೋಷವಾಯಿತು," ಎಂದರು. ವಯಸ್ಸಾದವರ ಉಪಚಾರ ಎಂದುಕೊಂಡು ನಾನೂ ಕೈ ಮುಗಿದು ಬಂದೆ.

ಮಲಗಿದರೆ ಉಸಿರು ಕಟ್ಟುತ್ತದೆ, ಅದಕ್ಕೇ ದಿಂಬಿನ ಮೇಲೆ ದಿಂಬು ಬೇಕಾಗುತ್ತದೆ ಎಂದರೆ ಹೃದಯ ಸೋತಿದೆ ಎಂದು ಅರ್ಥ. ಇದನ್ನು ತಿಳಿಯಲು ಸ್ನಾತಕೋತ್ತರ ಪದವಿ ಬೇಕಿಲ್ಲ. ವೈದ್ಯಕೀಯ ಓದುವ ಮೂರನೆಯ ವರ್ಷದ ಹುಡುಗರೂ ಹೇಳುತ್ತಾರೆ.

ಫೋನ್ ಬಂದ ದಿನ ಸೊರಬಕ್ಕೆ ಹೋದೆ. ಹಜಾರದಲ್ಲಿ ಚಾಪೆಯ ಮೇಲೆ ಚಪ್ಪಟೆಯಾಗಿ ಮಲಗಿಸಿದ್ದರು. ಮೂಗು ಸ್ವಲ್ಪ ಎಡಕ್ಕೆ ಬಾಗಿತ್ತು. ಅದನ್ನು ಸರಿಯಾಗಿ ನೋಡಿದ್ದು ಅಂದೇ. ಎಲ್ಲ ಮುಗಿದ ಮೇಲೆ, ಹಿತ್ತಿಲ ಕಡೆಯ ಜಗಲಿಯಲ್ಲಿ ಅವರ ಹೆಂಡತಿ, 'ಅಮ್ಮ', ಒಬ್ಬರೇ ಕೂತಿದ್ದರು. ಅವರನ್ನು ನಾನು ಕರೆಯುತ್ತಿದ್ದದ್ದು ಹಾಗೆ. ಮತ್ತು ಕೊಡೋ ಡಾಕ್ಟ್ರು ಸಾವಿರ ಮನೆಗಳಲ್ಲಿ ಕೇಳಿದ್ದ ದಿಂಬಿನ ಪ್ರಶ್ನೆಯನ್ನು ಅವರ ಮನೆಯಲ್ಲಿ ಆವರೆಗೆ ಯಾರೂ ಕೇಳಿರಲಿಲ್ಲ. ನಾನು ಕೇಳಿದೆ.

"ಮೊದಲೆಲ್ಲ ಒಂದೂ ಇಲ್ಲ," ಎಂದರು. "ಕೈಯೇ ದಿಂಬು. ಹೋದ ದೀಪಾವಳಿ ಹೊತ್ತಿಗೆ ಒಂದು ಬೇಕು ಅಂದ್ರು, ಆಮೇಲೆ ಎರಡು, ಮೂರು. ಕಡೆಗೆ ಕಂಬಳಿನೂ ಕೇಳಿದ್ರು. ಶಿವಮೊಗ್ಗಕ್ಕೆ ಹೋಗಿ ತೋರಿಸ್ವ ಅಂದ್ರೆ, ಇವತ್ತು ಬೇಡ ನಾಳೆ ಬೇಡ, ಅಂಜಿಕೆ ಅವರಿಗೆ. ನೀವು ಬಂದು ಹೋದ ದಿನ ನಾನೇ ಅವರನ್ನ ಕೇಳ್ದೆ. ನಿಮ್ಮ ಡಾಕ್ಟ್ರು ಇಷ್ಟೆಲ್ಲ ದಿಂಬು ನೋಡಿದ್ರಲ್ಲ, ಏನಂದ್ರು ಅಂತ."

"ಏನು ಹೇಳಿದ್ರು?"

"'ನೋಡಿದ್ರು. ಎತ್ತಿಟ್ರು,' ಅಂದ್ರು. ಹಂಗಂದು ಎಷ್ಟೊತ್ತು ನಕ್ಕರು. ನಗೂಕೆ ಉಸಿರು ಸಾಲ್ತಿರಲಿಲ್ಲ, ಆದ್ರೂ ನಕ್ಕರು."

ಅಮ್ಮನೂ ಸ್ವಲ್ಪ ನಕ್ಕರು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡರು.

ಅಂಗಳದ ತಂತಿಯ ಮೇಲೆ ಎರಡು ಕಂಬಳಿಗಳು ಒಣಗಲು ಬಿದ್ದಿದ್ದವು. ಎದ್ದು ಹೋಗಿ ತೆಗೆದುಕೊಂಡು ಬಂದೆ. ಜಗಲಿಯ ಮೇಲೆ ಹಾಸಿ, ಉದ್ದಕ್ಕೆ ಎರಡು ಮಡಿಕೆ ಹಾಕಿದೆ, ಅಡ್ಡಕ್ಕೆ ಮೂರು, ಅಂಚನ್ನು ತಲೆಯ ಕಡೆಗೆ ತಿರುಗಿಸಿದೆ. ಒತ್ತಿ ನೋಡುವವರಿಗಾಗಿ ಒಂದು ಗಳಿಗೆ ಕಾದೆ. ಆಮೇಲೆ ನಾನೇ ಅಂಗೈ ಊರಿ ನೋಡಿದೆ. ಕುಗ್ಗಲಿಲ್ಲ.